ಮೇಲೆಂದರೆ ಉತ್ತರ

ನಮ್ಮ ಮನೆಯಲ್ಲಿ ಊಟಕ್ಕೆ ಕೂರುವುದೆಂದರೆ ಭಾರತದ ನಕಾಶೆಯ ಎದುರು ಕೂರುವುದು. ಡೊಂಬಿವಲಿ ಪೂರ್ವದಲ್ಲಿ, ಸ್ಟೇಶನ್ನಿನಿಂದ ಎಂಐಡಿಸಿಯ ಕಾರ್ಖಾನೆಗಳ ಕಡೆಗೆ ಹೋಗುವ ರಸ್ತೆಯ ಪಕ್ಕ ಒಂದು ಹೆಂಚಿನ ಚಾಳ, ಒಂದೇ ಸಾಲಿನ ಖೋಲಿಗಳು. ಅದರ ಕೊನೆಯ ಎರಡು ಖೋಲಿಗಳು ನಮ್ಮವು. ಮುಂದಿನದರಲ್ಲಿ ಅಪ್ಪನ ಕಬ್ಬಿಣದ ಮಂಚ, ಅಮ್ಮನ ಹೊಲಿಗೆ ಯಂತ್ರ, ಸುತ್ತಿಟ್ಟ ಚಾಪೆಗಳು. ಹಿಂದಿನದರಲ್ಲಿ ಅಡುಗೆ, ದೇವರು, ಸ್ನಾನದ ಮೋರಿ. ದೇವರ ಗೂಡಿನ ಪಕ್ಕದ ಗೋಡೆಯಲ್ಲಿ ಆ ನಕಾಶೆ. ಒಗ್ಗರಣೆಯ ಹೊಗೆಗೆ ಅದರ ಕಾಶ್ಮೀರವೆಲ್ಲ ಹಳದಿಯಾಗಿತ್ತು. ಬಡಿಸುವ ಅಮ್ಮ ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು, ಅಪ್ಪ ಮತ್ತು ನಾನು ಮುಖ ಮಾಡಿ. ಅನ್ನಕ್ಕೆ ಸಾರು ಬೀಳುವ ಮೊದಲೇ ಅಪ್ಪನ ಪ್ರಶ್ನೆ ಶುರುವಾಗುತ್ತಿತ್ತು. ನರ್ಮದೆ ಯಾವ ಕಡೆಗೆ ಹರಿಯುತ್ತದೆ? ಭೋಪಾಲದಿಂದ ನೇರ ಕೆಳಗೆ ಬಂದರೆ ಯಾವ ಊರು? ಉತ್ತರ ಸರಿಯಾದರೆ ಅವರ ಎಲೆಯ ಹಪ್ಪಳದಲ್ಲಿ ಅರ್ಧ ನನ್ನ ಎಲೆಗೆ ಬರುತ್ತಿತ್ತು. ತಪ್ಪಾದರೆ ಒಂದು ನಿಟ್ಟುಸಿರು, ಅಷ್ಟೇ. ಆ ನಿಟ್ಟುಸಿರಿಗೆ ನಾನು ಹೊಡೆತಕ್ಕಿಂತ ಹೆಚ್ಚು ಹೆದರುತ್ತಿದ್ದೆ.

ಅಪ್ಪ ಉಡುಪಿಯ ಕಡೆಯವರು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದರೂ ಮುಂದೆ ಓದಿಸುವವರಿಲ್ಲದೆ ಮುಂಬೈ ಬಸ್ಸು ಹತ್ತಿದವರು. ಬಣ್ಣದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ. ಸಂಜೆ ಮನೆಗೆ ಬಂದಾಗ ಅವರ ಮೈಯಿಂದ ಎಂಐಡಿಸಿಯ ಹುಳಿ ವಾಸನೆ ಬರುತ್ತಿತ್ತು, ಆದರೆ ಅಂಗಿಯ ಇಸ್ತ್ರಿ ಮುರಿದಿರುತ್ತಿರಲಿಲ್ಲ. ಚಾಳದಲ್ಲಿ ಇಂಗ್ಲಿಷ್ ಓದಬಲ್ಲವರು ಅವರೊಬ್ಬರೇ ಆದ್ದರಿಂದ ಬ್ಯಾಂಕಿನ ಕಾಗದ, ಆಸ್ಪತ್ರೆಯ ಚೀಟಿ ಎಲ್ಲ ನಮ್ಮ ಬಾಗಿಲಿಗೆ ಬರುತ್ತಿದ್ದವು. ಮರಾಠಿಯವರು ಅವರನ್ನು ರಾವ್ ಸಾಹೇಬ್ ಎನ್ನುತ್ತಿದ್ದರು. ಅಮ್ಮ ಆಗ ಒಳಗಿನಿಂದ ಚಹಾ ತರುತ್ತಿದ್ದಳು, ಕೇಳದಿದ್ದರೂ. ಆ ಗೌರವ ನಮ್ಮ ಮನೆಯ ಒಡವೆಯಂತಿತ್ತು. ಬೇರೆ ಒಡವೆ ನಮಗೆ ಇರಲೂ ಇಲ್ಲ. ನಮ್ಮ ಮನೆಮಾತು ತುಳು. ನಕಾಶೆಯ ವಿಷಯಕ್ಕೆ ಬಂದಾಗ ಮಾತ್ರ ಅಪ್ಪ ಮೇಷ್ಟ್ರ ಹಾಗೆ ಕನ್ನಡಕ್ಕೆ ತಿರುಗುತ್ತಿದ್ದರು.

"ನೋಡು ವಿದ್ಯಾ, ನಕಾಶೆಯಲ್ಲಿ ಮೇಲೆ ಅಂದ್ರೆ ಉತ್ತರ, ಕೆಳಗೆ ಅಂದ್ರೆ ದಕ್ಷಿಣ. ಇದೊಂದು ಗೊತ್ತಿದ್ರೆ ನಿನ್ನನ್ನು ಎಲ್ಲಿ ಬಿಟ್ರೂ ನೀನು ಮನೆಗೆ ಬರ್ತಿ."

ಚಾಳ ರಸ್ತೆಗೆ ಅಡ್ಡವಾಗಿ, ಒಳಕ್ಕೆ ಚಾಚಿಕೊಂಡಿತ್ತು. ರಸ್ತೆಯ ದಕ್ಷಿಣಕ್ಕೆ ನಾವು, ಉತ್ತರಕ್ಕೆ ಮಿಠಾಯಿ ಅಂಗಡಿ, ಹಿಟ್ಟಿನ ಗಿರಣಿ, ಎರಡು ಮಾಳಿಗೆಯ ಕಟ್ಟಡಗಳು. ರಸ್ತೆಗೆ ತಾಗಿದ ಮೊದಲ ಖೋಲಿಯಲ್ಲಿ ವಿಜಯಪುರದ ಕಡೆಯ ಶಾಂತವ್ವ ಮತ್ತು ಅವಳ ಗಂಡ ಮಲ್ಕಪ್ಪ ಇದ್ದರು. ಮಲ್ಕಪ್ಪ ಎಂಐಡಿಸಿಯಲ್ಲಿ ಲಾರಿಗಳಿಗೆ ಮಾಲು ತುಂಬುವ ಕೆಲಸದವನು, ಮಾತು ಕಡಿಮೆ. ಶಾಂತವ್ವನದು ಅವನ ಪಾಲಿನ ಮಾತೂ ಸೇರಿ ದೊಡ್ಡ ಬಾಯಿ. ಅಮ್ಮನ ತುಳು ಮಿಶ್ರಿತ ಕನ್ನಡ ಅವಳಿಗೆ ಅರ್ಧ ತಿಳಿಯುತ್ತಿತ್ತು, ಅವಳ ಕನ್ನಡ ಅಮ್ಮನಿಗೆ ಅರ್ಧ. ಆದರೂ ಇಬ್ಬರೂ ನಮ್ಮ ಮನೆಯ ಹಿಂದಿನ ಬಾವಿಯ ಕಟ್ಟೆಯ ಮೇಲೆ ಬಟ್ಟೆ ಕುಕ್ಕುತ್ತ ಇಡೀ ಮಧ್ಯಾಹ್ನ ಕಳೆಯುತ್ತಿದ್ದರು.

ರಸ್ತೆ ಅಗಲವಾಗುತ್ತದೆ ಎಂಬ ಸುದ್ದಿ ಹಬ್ಬಿದ್ದು ಒಂದು ಬೇಸಗೆಯಲ್ಲಿ. ಪಾಲಿಕೆಯ ಕಚೇರಿಯಲ್ಲಿ ನಕಾಶೆ ಹಚ್ಚಿದ್ದಾರೆ, ಯಾರು ಬೇಕಾದರೂ ನೋಡಬಹುದು, ಮನೆ ಹೋಗುವವರು ಗಡುವಿನೊಳಗೆ ತಕರಾರು ಬರೆದು ಕೊಟ್ಟರೆ ಕೇಳುತ್ತಾರೆ ಎಂದು ಯಾರೋ ಹೇಳಿದರು. ಅದನ್ನು ಕೇಳಿದ ಶಾಂತವ್ವ ಅವತ್ತೇ ನಮ್ಮ ಬಾಗಿಲಿಗೆ ಬಂದಳು. ಅವಳ ತಮ್ಮ ಕಲ್ಯಾಣದಲ್ಲಿ ಸ್ಟೇಶನ್ನಿನ ಹತ್ತಿರವೇ ಒಂದು ಖೋಲಿ ನೋಡಿದ್ದ. ಹೂಂ ಅಂದರೆ ಅವಳಿಗೆ, ಇಲ್ಲವಾದರೆ ಬೇರೆಯವರಿಗೆ.

"ರಾಯರ, ನೀವು ಒಮ್ಮೆ ಹೋಗಿ ನೋಡಿ ಬರ್ರಿ. ನಮ್ಮ ಖೋಲಿ ಹೋಗತೈತಿ ಅಂದ್ರ ನಾ ಈಗ ಕಲ್ಯಾಣಕ್ಕ ಹೋಗಿಬಿಡ್ತೀನಿ. ಉಳೀತೈತಿ ಅಂದ್ರ ಯಾಕ ಬಿಡಲಿ? ನಮ್ಮನಿಯವರ ಕೆಲಸ ಇಲ್ಲೇ ಐತಿ."

ರಜೆಯಿದ್ದದ್ದರಿಂದ ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಕಚೇರಿಯ ಉದ್ದನೆಯ ಪಡಸಾಲೆಯಲ್ಲಿ ನಕಾಶೆಗಳನ್ನು ಹಲಗೆಗೆ ಬಡಿದಿದ್ದರು. ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅಪ್ಪ ಕನ್ನಡಕ ಒರೆಸಿಕೊಂಡು, ಅವಸರವಿಲ್ಲದೆ, ನಮ್ಮ ರಸ್ತೆಯ ಹಾಳೆ ಹುಡುಕಿದರು. ನಮ್ಮ ರಸ್ತೆಯ ಒಂದು ತುಂಡು ಮಾತ್ರ ಅದರಲ್ಲಿತ್ತು. ಹಾಳೆಯ ನಡುವೆ ಎಡದಿಂದ ಬಲಕ್ಕೆ ಎರಡು ಗೆರೆ, ಅದು ರಸ್ತೆ. ಅದರ ಮೇಲ್ಭಾಗಕ್ಕೆ ಇನ್ನೊಂದು ದಪ್ಪ ಗೆರೆ, ಅದು ಅಗಲವಾಗುವ ಜಾಗ. ಅಪ್ಪನ ಮುಖ ಅರಳಿತು. ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ನಮ್ಮನ್ನು ನೋಡಿ ಎದ್ದುಬಂದು, ಬಿಡಿಸಿ ಹೇಳಲೇ ಕಾಕಾ ಎಂದು ಮರಾಠಿಯಲ್ಲಿ ಕೇಳಿದ. ಅಪ್ಪ ಇಂಗ್ಲಿಷಿನಲ್ಲಿ, ಬೇಡ, ನನಗೆ ನಕಾಶೆ ಓದಲು ಬರುತ್ತದೆ ಎಂದರು. ಸುತ್ತಲಿನವರೆಲ್ಲ ತಿರುಗಿ ನೋಡಿದರು. ನಾನು ಅಪ್ಪನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ, ಇವರು ನನ್ನ ಅಪ್ಪ ಎಂದು ಎಲ್ಲರಿಗೂ ಗೊತ್ತಾಗಲಿ ಎಂದು.

ಸಂಜೆ ಚಾಳದ ಅಂಗಳದಲ್ಲಿ ಸ್ಟೂಲಿನ ಮೇಲೆ ಹಾಳೆ ಹರಡಿ, ಕಂಡದ್ದನ್ನು ನೆನಪಿನಿಂದ ಬರೆದು ತೋರಿಸಿದರು. ರಸ್ತೆ ಇಲ್ಲಿ. ಮೇಲೆ ಉತ್ತರ, ಅಂದರೆ ಮಿಠಾಯಿ ಅಂಗಡಿಯ ಸಾಲು. ಕೆಳಗೆ ನಾವು. ದಪ್ಪ ಗೆರೆ ಮೇಲೆ ಇದೆ. ಕೆಳಗೆ ಯಾರೂ ಕೈ ಹಚ್ಚುವುದಿಲ್ಲ. ಮಲ್ಕಪ್ಪ ಎಂದೂ ನಗದವನು ನಕ್ಕ. ಆಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಅಮ್ಮ ಕೇಳಿದಳು.

"ಬಾವಿ ಎಲ್ಲುಂಟು ಅದ್ರಲ್ಲಿ?"

"ಬಾವಿ ಎಲ್ಲ ಎಂತಕ್ಕೆ ಹಾಕ್ತಾರೆ? ಮೇಲಿನ ಬದಿಗೆ ಒಂದು ಸಣ್ಣ ಸೊನ್ನೆ ಇತ್ತು. ಅದು ಎದುರಿನವರ ಟ್ಯಾಂಕ್."

"ಎದುರಿನವರಿಗೆ ಟ್ಯಾಂಕ್ ಎಲ್ಲುಂಟು?"

"ನೀನು ಒಲೆ ನೋಡು, ಸರೋಜ. ಹಾಲು ಉಕ್ಕಿದ ವಾಸನೆ ಬರ್ತಾ ಉಂಟು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಮ್ಮನಿಗೆ ದಿಕ್ಕೇ ಗೊತ್ತಿಲ್ಲ ಎಂಬುದು ನಮ್ಮ ಮನೆಯ ಹಳೆಯ ತಮಾಷೆಯಾಗಿತ್ತು. ಅವಳು ಒಳಗೆ ಹೋದಳು. ಹಾಲು ಉಕ್ಕಿರಲಿಲ್ಲ. ಮರುದಿನ ಶಾಂತವ್ವ ಕಲ್ಯಾಣದ ಖೋಲಿ ಬೇಡವೆಂದು ತಮ್ಮನಿಗೆ ಹೇಳಿ ಕಳಿಸಿ, ಹೋಳಿಗೆ ಮಾಡಿ ಮೊದಲು ನಮ್ಮ ಮನೆಗೇ ತಂದಳು. ಚಾಳದಿಂದ ಯಾರೂ ಯಾವ ಅರ್ಜಿಯನ್ನೂ ಕೊಡಲಿಲ್ಲ. ಅಪ್ಪನಿಗೆ ಎದುರಿನವರ ಬಗ್ಗೆ ಮರುಕ ಹುಟ್ಟಿತು. ತಾವಾಗಿಯೇ ಹೋಗಿ ಮಿಠಾಯಿ ಅಂಗಡಿಯವನಿಗೆ, ನಿಮ್ಮ ಬದಿ ಹೋಗುತ್ತದೆ, ಬೇಗ ಬರೆದು ಕೊಡಿ ಎಂದು ಎಚ್ಚರಿಸಿ ಬಂದರು. ಅವನು ನಕ್ಕು ಒಂದು ಪೇಡೆ ಕೊಟ್ಟನಂತೆ. ಪಾಪ, ಅವನಿಗೆ ಗೊತ್ತಾಗಲಿಲ್ಲ ಎಂದು ಅಪ್ಪ ಊಟದ ಹೊತ್ತಿಗೆ ಹೇಳಿದರು.

ಮಳೆಗಾಲ ಕಳೆದ ಮೇಲೆ ಬಣ್ಣದ ಡಬ್ಬಿ ಹಿಡಿದ ಜನ ಬಂದರು. ನಾನು ಶಾಲೆಯಿಂದ ಬರುವಾಗ ಶಾಂತವ್ವನ ಗೋಡೆಯ ಮೇಲೆ ಕೆಂಪು ಗೆರೆ ಇನ್ನೂ ಹಸಿಯಾಗಿತ್ತು. ಗೆರೆ ನಮ್ಮ ಬದಿಗೇ ಬಿದ್ದಿತ್ತು. ಶಾಂತವ್ವನ ಖೋಲಿ, ಅದರ ಹಿಂದಿನ ಮರಾಠಿಯವರ ಎರಡು ಖೋಲಿಗಳು ಪೂರ್ತಿ ಹೋಗುತ್ತಿದ್ದವು. ಆಮೇಲಿನವು ಉಳಿಯುತ್ತಿದ್ದವು. ಎಲ್ಲಕ್ಕಿಂತ ಕೊನೆಗಿದ್ದ ನಮ್ಮ ಮನೆಯ ಹತ್ತಿರಕ್ಕೂ ಆ ಗೆರೆ ಸುಳಿದಿರಲಿಲ್ಲ. ಇದು ಏನೋ ತಪ್ಪಾಗಿದೆ, ನಾನು ಹೋಗಿ ಸರಿಮಾಡಿಸುತ್ತೇನೆ ಎಂದು ಅಪ್ಪ ಅಂಗಳದಲ್ಲಿ ಎಲ್ಲರ ಮುಂದೆ ಹೇಳಿ, ಬೆಳಿಗ್ಗೆ ರಜೆ ಹಾಕಿ ಮತ್ತೆ ಕಚೇರಿಗೆ ಹೊರಟರು. ಮತ್ತೆ ನನ್ನನ್ನೂ ಕರೆದುಕೊಂಡರು. ಯಾಕೆ ಕರೆದುಕೊಂಡರೋ. ಬಹುಶಃ ಅವರು ಗೆಲ್ಲುವುದನ್ನು ನೋಡಲು ಒಬ್ಬರು ಬೇಕಾಗಿತ್ತು.

ಅದೇ ಗುಮಾಸ್ತ ಹಾಳೆ ತಂದು ಮೇಜಿನ ಮೇಲೆ ಹರಡಿದ. ಅಪ್ಪ ಏರಿದ ದನಿಯಲ್ಲಿ ಮಾತಾಡುತ್ತಿದ್ದರು. ಅವನು ಪೂರ್ತಿ ಕೇಳಿಸಿಕೊಂಡು, ಪೆನ್ಸಿಲ್ ತುದಿಯನ್ನು ಹಾಳೆಯ ಮೂಲೆಯಲ್ಲಿಟ್ಟ. ಅಲ್ಲಿ ಒಂದು ಸಣ್ಣ ಬಾಣ ಇತ್ತು. ಅದರ ಮೊನೆ ಕೆಳಮುಖವಾಗಿತ್ತು. ಮೊನೆಯ ಬಳಿ ಉತ್ತರ ಎಂದು ಬರೆದಿತ್ತು.

"ಕಾಕಾ, ಬಾಣ ಪಾಹಿಲಾ ನಾಹೀ ಕಾ?"

ಬಾಣ ನೋಡಲಿಲ್ಲವೇ ಎಂದು ಕೇಳಿದ, ಅಷ್ಟೇ. ಅಣಕವಿರಲಿಲ್ಲ ಅದರಲ್ಲಿ. ಈ ಹಾಳೆಯನ್ನು ಮೊದಲಿನಿಂದಲೂ ಹೀಗೇ ಬಿಡಿಸಿದ್ದಾರೆ, ಯಾಕೆಂದು ನನಗೂ ಗೊತ್ತಿಲ್ಲ, ಅದಕ್ಕೇ ಅವತ್ತು ಕೇಳಿದ್ದೆ ಎಂದ. ಪಕ್ಕದ ರಸ್ತೆಯವರು ಗಡುವಿನೊಳಗೆ ತಕರಾರು ಕೊಟ್ಟಿದ್ದರಿಂದ ಅಲ್ಲಿ ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪ ತೆಗೆದು ಮನೆಗಳನ್ನು ಉಳಿಸಿದ್ದಾರೆ ಎಂದೂ ಹೇಳಿದ. ಅಪ್ಪ ಹಾಳೆಯನ್ನು ನಿಧಾನವಾಗಿ ತಲೆಕೆಳಗು ಮಾಡಿದರು. ಆಗ ಎಲ್ಲವೂ ತಂತಮ್ಮ ಜಾಗಕ್ಕೆ ಬಂತು. ನಾವು ಕೆಳಗೆ, ದಪ್ಪ ಗೆರೆ ನಮ್ಮ ಮೇಲೆ, ಆ ಸಣ್ಣ ಸೊನ್ನೆ ನಮ್ಮ ಮನೆಯ ಹಿಂದೆ. ಅದು ಅಮ್ಮನ ಬಾವಿ. ಅಪ್ಪನ ಕಿವಿಯ ಅಂಚು ಕೆಂಪಾದದ್ದು ನನಗೆ ಕಂಡಿತು. ನಾನು ಅವರ ಕೈ ಹಿಡಿದುಕೊಂಡಿರಲಿಲ್ಲ. ಹೊರಗೆ ಬರುವಾಗ ನಡುವೆ ಒಂದಿಷ್ಟು ಜಾಗ ಬಿಟ್ಟೇ ನಡೆದೆ.

ಈಗ ಘಣಸೋಲಿಯ ನನ್ನ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಅವಳು ಫೋನು ತಿರುಗಿಸಿದರೆ ನಕಾಶೆ ತಾನೇ ತಿರುಗುತ್ತದೆ. ಉತ್ತರ ಯಾವ ಕಡೆ ಎಂದು ನಾನು ಕೇಳಿದರೆ, "ಕಿಸಕೋ ಫರಕ್ ಪಡತಾ ಹೈ, ಅಮ್ಮಾ" ಎನ್ನುತ್ತಾಳೆ. ಯಾರಿಗೆ ಫರಕ್ಕಾಯಿತು ಎಂದು ಅವಳಿಗೆ ನಾನು ಇನ್ನೂ ಹೇಳಿಲ್ಲ.

ಅವತ್ತು ಕಚೇರಿಯಿಂದ ಬಂದ ಅಪ್ಪ ಚಾಳದವರಿಗೆ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮಿಠಾಯಿ ಅಂಗಡಿಯವನಿಗೆ ಮೊದಲೇ ಗೊತ್ತಿದ್ದ ಮಾತು ರಸ್ತೆ ದಾಟಿ ಬಂದಿತ್ತು. ಒಬ್ಬರೂ ಜಗಳಕ್ಕೆ ಬರಲಿಲ್ಲ. ಆದರೆ ಕಾಗದ ಹಿಡಿದು ಬರುವುದು ನಿಂತಿತು, ರಾವ್ ಸಾಹೇಬ್ ಎನ್ನುವುದೂ ನಿಂತಿತು. ಅವರಿಗೆ ಎಲ್ಲ ಗೊತ್ತಿತ್ತು, ತಮ್ಮ ಮನೆ ಉಳಿಯುತ್ತದೆಂದೇ ಸುಮ್ಮನಿದ್ದರು ಎಂದು ನಲ್ಲಿಯ ಹತ್ತಿರ ಒಬ್ಬಾಕೆ ಹೇಳುವುದು ನನ್ನ ಕಿವಿಗೆ ಬಿತ್ತು. ಅಮ್ಮ ಎಲ್ಲರಿಗಿಂತ ಮೊದಲೆದ್ದು ನೀರು ತುಂಬಿಸತೊಡಗಿದಳು. ಅಪ್ಪ ಹಿಂದಿನ ಬಾವಿಯ ದಾರಿಯಿಂದ ಕೆಲಸಕ್ಕೆ ಹೋಗಿಬರತೊಡಗಿದರು. ನಾನು ಶಾಂತವ್ವನ ಬಾಗಿಲ ಮುಂದೆ ಹಾಯುವಾಗ ಬೂಟಿನ ಲೇಸು ನೋಡಿಕೊಂಡು ನಡೆಯುವುದನ್ನು ಕಲಿತೆ. ಒಂದು ದಿನ ಊಟಕ್ಕೆ ಕೂತಾಗ ಎದುರಿನ ಗೋಡೆ ಬರಿದಾಗಿತ್ತು. ನಕಾಶೆಯಿದ್ದಲ್ಲಿ ಸುಣ್ಣ ಬೆಳ್ಳಗೆ ಉಳಿದಿತ್ತು. ನರ್ಮದೆಯ ಬಗ್ಗೆ ಯಾರೂ ಕೇಳಲಿಲ್ಲ. ಬಡಿಸುವುದನ್ನು ನಿಲ್ಲಿಸಿ ಅಮ್ಮ ಹೇಳಿದಳು.

"ಹೋಗಿ ಒಂದು ಮಾತು ಹೇಳಿ ಬನ್ನಿ ಶಾಂತವ್ವನಿಗೆ."

"ಎಂತ ಹೇಳ್ಬೇಕು?"

"ತಪ್ಪಾಯ್ತು ಅಂತ."

"ನಾನೇನು ಬೇಕಂತ ಮಾಡಿದ್ನಾ? ಅವ್ರಿಗೆ ಒಳ್ಳೇದಾಗ್ಲಿ ಅಂತ ಹೋದವ ನಾನು!"

"ಹೌದು. ಹೋದವ್ರು ನೀವು. ಕಲ್ಯಾಣಕ್ಕೆ ಹೋಗದೆ ಉಳಿದವಳು ಅವಳು."

ಅಪ್ಪ ಎಲೆ ಬಿಟ್ಟು ಎದ್ದರು. ನಮ್ಮ ಮನೆಯಲ್ಲಿ ಅನ್ನ ಬಿಟ್ಟು ಎದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. 

ರಸ್ತೆಯ ಕಡೆಯ ಆ ಮೂರು ಖೋಲಿಗಳನ್ನು ಪಾಲಿಕೆಯವರು ಒಂದೇ ಮುಂಜಾನೆಯಲ್ಲಿ ಕೆಡವಿದರು. ಬದಲಿ ಮನೆ ಕೊಡುತ್ತೇವೆ ಎಂದಿದ್ದರು, ಆದರೆ ಅದು ಇನ್ನೂ ಸಿಕ್ಕಿರಲಿಲ್ಲ. ಮರಾಠಿಯವರು ನೆಂಟರ ಮನೆಗಳಿಗೆ ಹೋದರು. ಶಾಂತವ್ವನ ತಮ್ಮ ಊರಿಗೆ ಮರಳಿಯಾಗಿತ್ತು. ಅವಳು ರಸ್ತೆಯ ಬದಿಗೆ ಪಾತ್ರೆಗಳ ಗಂಟಿನ ಮೇಲೆ ಕೂತಿದ್ದಳು. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೋಗಿ, ಗಂಟಿನ ಒಂದು ಕಿವಿ ಹಿಡಿದಳು. ಶಾಂತವ್ವ ಅವಳ ಮುಖ ನೋಡಿ, ಎದ್ದು ಇನ್ನೊಂದು ಕಿವಿ ಹಿಡಿದಳು. ಸಂಜೆ ಅಪ್ಪ ಬಂದಾಗ ನಮ್ಮ ಮುಂದಿನ ಖೋಲಿಯಲ್ಲಿ ಶಾಂತವ್ವ, ಮಲ್ಕಪ್ಪರ ಹಾಸಿಗೆ ಹಾಸಿತ್ತು, ಕಬ್ಬಿಣದ ಮಂಚ ಹೊರಗಿನ ಜಗುಲಿಗೆ ಹೋಗಿತ್ತು. ಅಪ್ಪ ಚಪ್ಪಲಿ ಬಿಡದೆ ಹೊಸ್ತಿಲಲ್ಲಿ ನಿಂತರು. ಅಮ್ಮ ಒಳಗಿನಿಂದ, ಕೈಕಾಲು ತೊಳೆದು ಬನ್ನಿ ಎಂದಷ್ಟೇ ಹೇಳಿದಳು.

ಆ ಚಳಿಗಾಲವಿಡೀ ಅವರು ನಮ್ಮ ಜೊತೆಗಿದ್ದರು. ನಮ್ಮ ಅಡುಗೆಮನೆಯಲ್ಲಿ ಮುಂಜಾನೆ ಜೋಳದ ರೊಟ್ಟಿ ಬಡಿಯುವ ಸದ್ದು, ಮಧ್ಯಾಹ್ನ ಅಮ್ಮನ ತೆಂಗಿನಕಾಯಿ ರುಬ್ಬುವ ಸದ್ದು. ಬೆಳ್ಳುಳ್ಳಿ ಮುಟ್ಟದ ಅಮ್ಮ ಶಾಂತವ್ವನ ಚಟ್ನಿಪುಡಿಗೆ ಒಂದು ಡಬ್ಬಿಯನ್ನೇ ಬಿಟ್ಟುಕೊಟ್ಟಳು. ಹೆಂಗಸರಿಬ್ಬರೂ ಹೇಗೋ ಹೊಂದಿಕೊಂಡರು. ಮಲ್ಕಪ್ಪ ಅಪ್ಪನನ್ನು ಕಂಡರೆ ಮೊದಲಿನ ಹಾಗೆಯೇ ಎದ್ದು ನಿಲ್ಲುತ್ತಿದ್ದ. ಅದು ಅಪ್ಪನಿಗೆ ಎಷ್ಟು ಹಿಂಸೆಯಾಗುತ್ತಿತ್ತೆಂದರೆ ಅವನಿರುವಾಗ ಅವರು ಮನೆಯೊಳಗೇ ಬರುತ್ತಿರಲಿಲ್ಲ. ಶಾಂತವ್ವ ಅವರೊಡನೆ ಮಾತೇ ಆಡುತ್ತಿರಲಿಲ್ಲ. ಅಷ್ಟು ದೊಡ್ಡ ಬಾಯಿಯ ಹೆಂಗಸು ಅಪ್ಪ ಬಂದ ಕೂಡಲೇ ಒಲೆಯ ಕಡೆಗೆ ಮುಖ ತಿರುಗಿಸುತ್ತಿದ್ದಳು. ಅಪ್ಪ ಜಗುಲಿಯ ಮೇಲೆ ಕೂತು, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಶಾಲೆಯ ಗೆಳತಿಯರು ಮನೆಗೆ ಬರುತ್ತೇವೆ ಎಂದರೆ ನಾನು ಏನಾದರೊಂದು ನೆವ ಹೇಳುತ್ತಿದ್ದೆ. ಇಕ್ಕಟ್ಟಿಗೆ ನಾಚಿದ್ದಲ್ಲ. ಗೋಡೆಗೆ ಮುಖ ಮಾಡಿ ಉಣ್ಣುವ ಅಪ್ಪನನ್ನು ಅವರು ನೋಡಬಾರದಿತ್ತು.

ಕೊನೆಗೆ ಬದಲಿ ಮನೆಯ ಕಾಗದ ಬಂತು. ಕಲ್ಯಾಣವನ್ನೂ ದಾಟಿ ಶಹಾಡ್ ಸ್ಟೇಶನ್ನಿನಿಂದ ಆಚೆ ಹೊಸದಾಗಿ ಕಟ್ಟಿದ ಖೋಲಿಗಳ ಸಾಲು; ಕಾಗದದ ಹಿಂದೆ ಅದರ ನಕಾಶೆ. ಶಾಂತವ್ವ ಅದನ್ನು ತಂದು ಜಗುಲಿಯ ಮೇಲೆ ಅಪ್ಪನ ಎಲೆಯ ಪಕ್ಕ ಇಟ್ಟಳು. ತಿಂಗಳುಗಟ್ಟಲೆ ಆದ ಮೇಲೆ ಅವಳು ಅವರೊಡನೆ ಆಡಿದ ಮೊದಲ ಮಾತು ಅದು.

"ರಾಯರ, ಇದನ್ನ ಓದಿ ನಮ್ಮ ಖೋಲಿ ಎಲ್ಲೈತಿ ತೋರಸ್ರಿ."

"ನನಗೆ ಓದ್ಲಿಕ್ಕೆ ಬರುದಿಲ್ಲ, ಶಾಂತವ್ವ."

"ಬರತೈತಿ ಬರ್ರಿ. ನಾಳೆ ಹೋಗೂಣು."

ಮರುದಿನ ಭಾನುವಾರ, ಅಪ್ಪ, ಶಾಂತವ್ವ, ನಾನು ಮೂವರೂ ಹೋದೆವು. ಮಲ್ಕಪ್ಪನಿಗೆ ಪಾಳಿಯಿತ್ತು. ಶಹಾಡಿನಲ್ಲಿಳಿದು, ಕಾರ್ಖಾನೆಗಳ ಗೋಡೆಯನ್ನು ಹಿಡಿದು ಬಹಳ ದೂರ ನಡೆಯಬೇಕಿತ್ತು. ಅಪ್ಪ ಮೊದಲು ಮೂಲೆಯ ಬಾಣ ಹುಡುಕಿದರು. ಸೂರ್ಯನನ್ನು ನೋಡಿದರು. ಬಾಣ ಸರಿಯಾದ ಕಡೆಗೆ ನಿಲ್ಲುವವರೆಗೆ ಕಾಗದವನ್ನು ತಿರುಗಿಸಿದರು. ಪ್ರತಿ ತಿರುವಿನಲ್ಲೂ ನಿಂತು, ಪಾನ್ ಅಂಗಡಿಯವನನ್ನು, ರಿಕ್ಷಾದವನನ್ನು, ನೀರು ಹೊತ್ತ ಹೆಂಗಸನ್ನು, ಇದು ಇದೇ ತಾನೇ ಎಂದು ಕೇಳಿದರು. ಅಂಗಿ ಬೆನ್ನಿಗೆ ಅಂಟಿತ್ತು. ಶಾಂತವ್ವ ಒಂದು ಹೆಜ್ಜೆ ಹಿಂದೆ, ಸೆರಗು ಹೊದ್ದು ಬರುತ್ತಿದ್ದಳು. ಕೊನೆಗೆ ಒಂದು ನಾಲೆಯ ದಂಡೆಗೆ ಬಂದೆವು. ಕಪ್ಪು ನೀರು, ಮೇಲೆ ನೊರೆ, ಮೂಗು ಉರಿಯುವ ವಾಸನೆ. ಅದರ ಪಕ್ಕ ತಗ್ಗಿನಲ್ಲಿ ತಗಡಿನ ಖೋಲಿಗಳು. ಅಪ್ಪ ಒಂದೊಂದೇ ಬಾಗಿಲಿನ ಸಂಖ್ಯೆ ನೋಡುತ್ತ ಹೋಗಿ, ಒಂದರ ಮುಂದೆ ನಿಂತು ಕಾಗದ ನೋಡಿದರು, ಬಾಗಿಲು ನೋಡಿದರು.

"ಇದೇ, ಶಾಂತವ್ವ. ಈ ಸಲ ತಪ್ಪಿಲ್ಲ. ಇದೇ ನಿಮ್ಮದು."

ಅವರ ದನಿಯಲ್ಲಿ ಎಷ್ಟೋ ದಿನಗಳಿಂದ ಇಲ್ಲದ ಹುರುಪು ಇತ್ತು.

"ಗೊತ್ತೈತ್ರಿ," ಎಂದಳು ಶಾಂತವ್ವ. "ನಾವು ಮೊನ್ನೆ ಬಂದು ನೋಡಿ ಹೋಗೀವಿ."

ಅಪ್ಪ ಅವಳ ಕಡೆಗೆ ತಿರುಗಿದರು.

"ಮತ್ತೆ ನನ್ನನ್ನು ಎಂತಕ್ಕೆ ಕರ್ಕೊಂಡು ಬಂದದ್ದು?"

"ನೀವು ನೋಡ್ಲಿ ಅಂತ ರಾಯರ. ನಾವು ಎಲ್ಲಿಗೆ ಹೊಂಟೀವಿ, ನೀವು ಒಮ್ಮೆ ಕಣ್ಣಿಲೆ ನೋಡಬೇಕಿತ್ತು."

ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ.  ಅಪ್ಪ ಕಾಗದವನ್ನು ಮಡಚಿದರು, ಮತ್ತೆ ಬಿಚ್ಚಿದರು. ನಾಲೆಯನ್ನು ನೋಡಿದರು, ತಗಡಿನ ಮಾಡನ್ನು ನೋಡಿದರು, ಬಂದ ದಾರಿಯನ್ನು ನೋಡಿದರು. ಮಲ್ಕಪ್ಪ ಇನ್ನು ಮುಂದೆ ದಿನವೂ ಅದೇ ದಾರಿಯಲ್ಲಿ ನಡೆದು ಡೊಂಬಿವಲಿಯ ಗಾಡಿ ಹಿಡಿಯಬೇಕಿತ್ತು. ಆಮೇಲೆ ಆ ಬಾಗಿಲ ಮುಂದಿನ ಸಿಮೆಂಟಿನ ಮೆಟ್ಟಿಲ ಮೇಲೆ, ಇಸ್ತ್ರಿಯ ಪ್ಯಾಂಟಿನಲ್ಲೇ, ಕೂತುಬಿಟ್ಟರು.

"ನನ್ನಿಂದ ತಪ್ಪಾಯ್ತು," ಎಂದರು. ನನಗೆ ಮಾತ್ರ ಕೇಳುವಷ್ಟು ಸಣ್ಣಗೆ. ಶಾಂತವ್ವ, ಏನಂದ್ರಿ ಎಂದು ಕೇಳಿದಳು. ಅಪ್ಪ ಅದನ್ನು ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು. ಪಕ್ಕದ ಬಾಗಿಲಿನಿಂದ ಯಾರೋ ತಲೆ ಹೊರಹಾಕಿ ನೋಡಿದರು. ಶಾಂತವ್ವ ಹೂಂ ಎಂದಳು. ಪರವಾಗಿಲ್ಲ ಎನ್ನಲಿಲ್ಲ, ಹೋಗಲಿ ಬಿಡ್ರಿ ಎನ್ನಲಿಲ್ಲ. ಸೊಂಟದಿಂದ ಕೀಲಿಕೈ ತೆಗೆದು ಮೆಟ್ಟಿಲ ಹತ್ತಿರ ಬಂದು ನಿಂತಳು. ಬಾಗಿಲು ತೆರೆಯಲು ಅವಳಿಗೆ ದಾರಿ ಬೇಕಾಗಿತ್ತು. ಅಪ್ಪ ಎದ್ದು ಪಕ್ಕಕ್ಕೆ ಸರಿದರು.